ಗುಳಂಬದ ಭರಣಿ

"ಗುರುಗಳೇ, ಒಮ್ಮೆ ಕೆಡಿಸಿದವನನ್ನು ಮತ್ತೆ ಹತ್ತಿರ ಬಿಟ್ಟುಕೊಳ್ಳದಿದ್ದರೆ ತಪ್ಪೇನು?" ಎಂದು ಚನ್ನವೀರನೆಂಬ ಶಿಷ್ಯ ಕೇಳಿದ. ಅವನ ಕೋಣೆಯಲ್ಲಿದ್ದ ಮಡಿವಾಳನೆಂಬ ಇನ್ನೊಬ್ಬ ಶಿಷ್ಯ ದೀಪದೆಣ್ಣೆ ಚೆಲ್ಲಿ ಅವನ ಓಲೆಗರಿಗಳನ್ನು ಹಾಳುಮಾಡಿದ್ದ. ಚನ್ನವೀರ ಅವನನ್ನು ಕೋಣೆಯಿಂದ ಹೊರಹಾಕಿ ತಿಂಗಳಾಗಿತ್ತು. ಮಾತೂ ಬಿಟ್ಟಿದ್ದ. ಮಡಿವಾಳ ಮರುದಿನ ಮಠ ಬಿಟ್ಟು ಹೊರಡುವವನಿದ್ದ.

ಗುರು ಹೇಳಿದರು:

ಒಂದೂರಿನಲ್ಲಿ ಒಬ್ಬ ಅಕ್ಕ, ಒಬ್ಬ ತಂಗಿ ಇದ್ದರು. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಓಣಿ ಬೇರೆ, ಒಲೆ ಬೇರೆ. ಆದರೆ ಬೇಸಿಗೆ ಬಂತೆಂದರೆ ಅಕ್ಕನ ಮನೆಯಲ್ಲಿ ಸೇರಿ ವರ್ಷಕ್ಕಾಗುವಷ್ಟು ಗುಳಂಬ ಮಾಡುತ್ತಿದ್ದರು. ತಂಗಿ ಮಾವಿನಕಾಯಿ ತುರಿಯುವಳು, ಅಕ್ಕ ಬೆಲ್ಲದ ಪಾಕದಲ್ಲಿ ಬೇಯಿಸಿ ಭರಣಿಗೆ ತುಂಬುವಳು. ಕೆಲಸಕ್ಕಿಂತ ಮಾತೇ ಹೆಚ್ಚು.

ಭರಣಿಗೆ ಒದ್ದೆ ಕೈ ತಾಗಬಾರದು. ಇದು ಎಲ್ಲ ಮನೆಗಳ ಕಟ್ಟಳೆ. ಒಂದು ವರ್ಷ ತಂಗಿ ಕೈ ತೊಳೆದವಳು ಒರೆಸಿಕೊಳ್ಳದೆ ರುಚಿ ನೋಡಲು ಭರಣಿಗೆ ಕೈ ಹಾಕಿದಳು. ಎಂಟು ದಿನಕ್ಕೆ ಬೂಷ್ಟು ಹಿಡಿಯಿತು.

"ಇನ್ನ ಮ್ಯಾಲೆ ನನ್ನ ಅಡಗಿಮನಿಗೆ ಕಾಲಿಡಬ್ಯಾಡ" ಎಂದಳು ಅಕ್ಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಮತ್ತೆ ಬರಲಿಲ್ಲ.

ಮರುವರ್ಷದಿಂದ ಅಕ್ಕ ಒಬ್ಬಳೇ ತುರಿದಳು, ಒಬ್ಬಳೇ ಬೇಯಿಸಿದಳು. ಒಂದು ಭರಣಿಯೂ ಕೆಡಲಿಲ್ಲ. ಬಂದವರಿಗೆಲ್ಲ ಇದನ್ನೇ ಹೇಳಿಕೊಂಡಳು. ಅಡುಗೆಮನೆಯ ಹೊಸ್ತಿಲಿನಾಚೆಗೆ ಮಾತ್ರ ಯಾರನ್ನೂ ಬಿಡಲಿಲ್ಲ. ಅವರ ಕೈಯೂ ಒದ್ದೆ ಇರಬಹುದಲ್ಲ! ಬರುಬರುತ್ತ ಬರುವವರೇ ಕಡಿಮೆಯಾದರು.

ಮುಪ್ಪು ಬಂತು. ಒಂದು ಮಧ್ಯಾಹ್ನ ಅವಳಿಗೆ ರೊಟ್ಟಿಗೆ ಗುಳಂಬ ಹಚ್ಚಿಕೊಂಡು ತಿನ್ನುವ ಆಸೆಯಾಯಿತು. ಪಾಕ ಒಣಗಿ ಮುಚ್ಚಳ ಭರಣಿಗೆ ಅಂಟಿಬಿಟ್ಟಿತ್ತು. ಒಬ್ಬರು ಭರಣಿಯನ್ನು ಅವುಚಿ ಹಿಡಿಯಬೇಕು, ಇನ್ನೊಬ್ಬರು ಮುಚ್ಚಳ ತಿರುವಬೇಕು. ಅವಳಿಗಿದ್ದದ್ದು ಎರಡೇ ಕೈ, ಅವೂ ನಡುಗುತ್ತಿದ್ದವು. ಕೂಗಿ ಕರೆಯೋಣವೆಂದರೆ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಅವಳಿಗೆ ಅಳು ಬಂತು. ಗುಳಂಬಕ್ಕಾಗಿ ಅಲ್ಲ.

ಭರಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂಗಿಯ ಓಣಿಗೆ ನಡೆದಳು. ಬಾಗಿಲಿಗೆ ಬೀಗ ಹಾಕಿತ್ತು.

"ಅವರು ಹೋದ ವರ್ಷನ ಮಗಳ ಊರಿಗೆ ಹೋಗಿಬಿಟ್ರಲ್ರೀ. ನಿಮಗ ಹೇಳಲಿಲ್ಲೇನು?" ಎಂದಳು ಪಕ್ಕದ ಮನೆಯಾಕೆ. ಭರಣಿ ನೋಡಿ, "ತರ್ರಿ ಇಲ್ಲೆ, ನಾ ತಗದು ಕೊಡ್ತೀನಿ" ಎಂದು ಕೈಚಾಚಿದಳು.

"ಬ್ಯಾಡವ್ವ" ಎಂದಳು ಅಕ್ಕ. ಮನೆಗೆ ಬಂದು ಭರಣಿಯನ್ನು ಇದ್ದ ಜಾಗದಲ್ಲೇ ಇಟ್ಟಳು.

ಗುರು ಕಥೆ ಮುಗಿಸಿದರು. ಚನ್ನವೀರ "ಆ ಗುಳಂಬ ಏನಾಯಿತು, ಗುರುಗಳೇ?" ಎಂದು ಕೇಳಿದ.

"ಕೆಡಲಿಲ್ಲ; ತಿನ್ನುವವರೂ ಇರಲಿಲ್ಲ. ಮಡಿವಾಳ ಆಚೆ ಗಂಟು ಕಟ್ಟುತ್ತಿದ್ದಾನೆ. ಇನ್ನು ನಿನ್ನ ಓಲೆಗರಿಯೂ ಕೆಡುವುದಿಲ್ಲ" ಎಂದರು ಗುರು.