ಖಾಜಿ ಕೂರದ ಕಟ್ಟೆ

ಸಂಕನಗಡದ ಕೋಟೆಯಿಂದ ಇಳಿದು ಊರಿನತ್ತ ಹೊರಟರೆ ಕೆರೆಯ ದಂಡೆಯಲ್ಲಿ ಒಂದು ಕಲ್ಲುಕಟ್ಟೆ ಸಿಗುತ್ತದೆ. ಮೇಲೆ ಬೇವಿನ ನೆರಳು, ಎದುರಿಗೆ ತಂಪು ಗಾಳಿ. ಕೂರಲು ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ. ಆದರೂ ಯಾರೂ ಕೂರುವುದಿಲ್ಲ. ಗೊತ್ತಿಲ್ಲದೆ ಕೂತ ಪರವೂರವರನ್ನು ದನ ಕಾಯುವವರೂ "ಏಳ್ರಿ, ಏಳ್ರಿ" ಎಂದು ಎಬ್ಬಿಸುತ್ತಾರೆ. ಕಾರಣ ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೆ ಅದನ್ನು ತಪ್ಪಾಗಿ ಹೇಳುವವರನ್ನು ಕಂಡರೆ ಸುಮ್ಮನಿರಲೂ ಆಗುವುದಿಲ್ಲ.

ಹಿಂದೆ ಒಮ್ಮೆ, ಸುಲ್ತಾನರ ಆಳ್ವಿಕೆಯಲ್ಲಿ, ಮಳೆ ಕೈಕೊಟ್ಟು ಕೋಟೆಯೊಳಗಿನ ಬಾವಿಗಳು ಬತ್ತಿದವಂತೆ. ಕಿಲ್ಲೇದಾರ ಸರವರಖಾನನು ಕೆರೆಯನ್ನು ಕೋಟೆಗೇ ಮೀಸಲು ಮಾಡಲು ಹೊರಟ. ಊರಿಗಿದ್ದದ್ದು ಅದೊಂದೇ ನೀರು. ಅದು ತಪ್ಪಿದರೆ ಊರು ಬಿಡುವುದೇ ಗತಿ. ಊರವರು ತಕರಾರು ತೆಗೆದಾಗ ಖಾನನು ನ್ಯಾಯ ಹೇಳಲು ರಾಜಧಾನಿಯಿಂದ ಖಾಜಿ ರುಕ್ನುದ್ದೀನರನ್ನು ಕರೆಸಿದ. ಸುಮ್ಮನೆ ಆರಿಸಿದ್ದಲ್ಲ, ಊರವರ ಹಂಗಿಗೆ ಬೀಳುವವರಲ್ಲವೆಂದೇ ಆರಿಸಿದ್ದು. ಖಾಜಿಯವರ ಮಾತು ಇಷ್ಟು: ಹಿಂದೂಗಳೂ ಮುಸಲ್ಮಾನರೂ ಅಕ್ಕಪಕ್ಕ ಬಾಳಲಿ, ಆದರೆ ನಡುವೆ ಗೋಡೆಯಿರಲಿ. ಕಂದಾಯ ಬಿಟ್ಟು ಬೇರೆ ಕೊಡುಕೊಳ್ಳುವಿಕೆ ಬೇಡ, ಋಣ ಬೆಳೆದರೆ ನ್ಯಾಯ ಕುರುಡಾಗುತ್ತದೆ ಎಂದು ಅವರು ಶಿಷ್ಯರಿಗೆ ಬೋಧಿಸುತ್ತಿದ್ದರು ಎನ್ನುತ್ತಾರೆ. ದೊಡ್ಡ ವಿದ್ವಾಂಸರು, ಪ್ರಾಮಾಣಿಕರು. ಹಟವೂ ಅಷ್ಟೇ ದೊಡ್ಡದು.

ವೈಶಾಖದ ಬಿಸಿಲಲ್ಲಿ ಕುದುರೆಯಿಂದ ಇಳಿದಾಗ ಖಾಜಿಯವರ ಗಂಟಲು ಒಣಗಿತ್ತು. ದಂಡೆಯಲ್ಲಿ ಗುರುಬಸವ್ವನೆಂಬ ಮುದುಕಿ ದಾರಿಹೋಕರಿಗೆಂದು ಕೆರೆಯ ನೀರಿನ ಅರವಟ್ಟಿಗೆ ಇಟ್ಟಿದ್ದಳು. ಬಂದವರು ಯಾರೆಂದು ಆಕೆ ಕೇಳಲಿಲ್ಲ, ಕೊಟ್ಟವಳು ಯಾರೆಂದು ಇವರೂ ಕೇಳಲಿಲ್ಲ. ಗಟಗಟನೆ ಕುಡಿದರು. ಆಮೇಲೆ ನ್ಯಾಯಕ್ಕೆ ಕೂರಲು ಕಟ್ಟೆ ಏರುವಾಗ, ಊರಿನ ಪರವಾಗಿ ನಿಂತವರ ನಡುವೆ ಆ ಮುದುಕಿಯನ್ನೇ ಕಂಡು ಇಟ್ಟ ಕಾಲನ್ನು ಹಿಂದೆಗೆದರು. ಕಕ್ಷಿದಾರರ ಕೈಯಿಂದ ಏನನ್ನಾದರೂ ಪಡೆದ ಖಾಜಿ ಆ ವ್ಯಾಜ್ಯಕ್ಕೆ ಕೂರುವಂತಿಲ್ಲ.

"ಒಂದು ತಂಬಿಗೆ ನೀರು! ಬೆಲೆ ಕೊಟ್ಟು ಮುಗಿಸಿ" ಎಂದು ಖಾನನು ಸಿಡುಕಿದ. ಖಾಜಿಯವರು ನಾಣ್ಯ ಚಾಚಿದರು. ಮುದುಕಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅರವಟ್ಟಿಗಿ ನೀರಿಗೆ ರೊಕ್ಕ ತಗೊಂಡ್ರ ನಮ್ಮ ಹಿರ್ಯಾರ ಪುಣ್ಯಾನ ಮಾರಿಧಂಗ ಆಕ್ಕೈತ್ರಿ, ಸಾಹೇಬ್ರ. ನೀರಡಿಸಿದ್ರಿ, ಕುಡದ್ರಿ. ಅಷ್ಟ."

ಖಾಜಿಯವರು ಕಟ್ಟೆಯ ಸುತ್ತ ನಡೆಯತೊಡಗಿದರು. ಕೂರಲೂ ಆಗದು, ಹೊರಟುಹೋಗಲೂ ಮನಸ್ಸು ಬಾರದು. ಯಾವ ಋಣ ಬೇಡವೆಂದು ಜೀವಮಾನವೆಲ್ಲ ಹೇಳಿದ್ದರೋ ಅದು ಆಗಲೇ ಹೊಟ್ಟೆ ಸೇರಿತ್ತು. ಖಾನನು ಚಡಪಡಿಸಿದ, ಊರವರ ಜೀವ ಕೈಯಲ್ಲಿತ್ತು. ಹೊತ್ತು ಮುಳುಗಿದಾಗ ಖಾಜಿಯವರು ಆ ಕೆರೆಯಲ್ಲೇ ಕೈಕಾಲು ತೊಳೆದು, ನಮಾಜು ಮುಗಿಸಿ, ಕುದುರೆ ತರಿಸಿದರು.

"ಹಾಗಾದರೆ ಬೇರೆ ಖಾಜಿಯನ್ನು ಕರೆಸುತ್ತೇನೆ" ಎಂದ ಖಾನ.

"ಕರೆಸಿ. ಆದರೆ ಅವರೂ ಇದೇ ದಾರಿಯಲ್ಲಿ ಬಾಯಾರಿಯೇ ಬರುತ್ತಾರೆ."

ಕರೆಸುವಷ್ಟರಲ್ಲಿ ಮಳೆ ಬಂತೆಂದು ಕೆಲವರು ಹೇಳುತ್ತಾರೆ. ಕರೆಸಿದವರೆಲ್ಲ ಕುಡಿದರೆಂದು ಕೆಲವರು. ನಾನು ನಂಬುವುದು ಎರಡನೆಯದನ್ನು. ರುಕ್ನುದ್ದೀನರು ಗೋಡೆಯ ಮಾತನ್ನು ಕೊನೆಗಾದರೂ ಬಿಟ್ಟರೇ? ಬಿಡಲಿಲ್ಲವಂತೆ. ಆದರೆ ಅದನ್ನು ಬೋಧಿಸುವಾಗಲೆಲ್ಲ ಕೂತಲ್ಲಿ ಕೂರಲಾರದೆ ಎದ್ದು ಓಡಾಡುತ್ತಿದ್ದರು ಎನ್ನುತ್ತಾರೆ.

ಕೆರೆ ಯಾರದೆಂಬ ತೀರ್ಪು ಇಂದಿಗೂ ಬಂದಿಲ್ಲ. ಅದು ಬರುವವರೆಗೆ ಕಟ್ಟೆ ನ್ಯಾಯ ಹೇಳುವವರಿಗೇ ಮೀಸಲು, ಬೇರೆ ಯಾರೂ ಕೂರುವಂತಿಲ್ಲ. ಬೇಸಿಗೆಯಲ್ಲಿ ಹೋದವರಿಗೆ ಕೋಟೆ ಓಣಿಯ ಹೆಂಗಸರೂ ಊರ ಹೆಂಗಸರೂ ಅಲ್ಲಿ ಕೊಡ ತುಂಬುತ್ತ, ಸರದಿಗಾಗಿ ಬಾಯಿಗೆ ಬಂದಂತೆ ಬೈದಾಡುವುದು ಕಾಣುತ್ತದೆ. ಜಗಳ ಕೇಳಿ ಯಾರಾದರೂ ಹಿರಿಯರು ನ್ಯಾಯ ಹೇಳಲು ಬಂದರೋ, ಎರಡೂ ಕಡೆಯವರು ಬೈಗುಳ ನಿಲ್ಲಿಸಿ, ಮೊದಲು ಅವರಿಗೆ ನೀರು ಕುಡಿಸುತ್ತಾರೆ.