ಹೊರಬಾಗಿಲ ಚಿಲಕ

"ಗುರುಗಳೇ, ಹೊರಗಿನ ಗಾಳಿ ಸೋಕದಂತೆ ಮಕ್ಕಳಿಗೆ ಧರ್ಮವನ್ನು ಕಲಿಸುವುದು ಹೇಗೆ?"

ಕೇಳಿದವನು ಪಾಯಣ್ಣ. ಬಟ್ಟೆ ವ್ಯಾಪಾರ ಮಾಡುವ ಜೈನ ಶ್ರಾವಕ, ಇಬ್ಬರು ಮಕ್ಕಳ ತಂದೆ. ಅವರನ್ನು ಶಾಲೆ ಬಿಡಿಸಿ ತಾನೇ ಮನೆಯಲ್ಲಿ ಪಾಠ ಹೇಳಬೇಕೆಂದು ನಿಶ್ಚಯಿಸಿದ್ದ. ನಿಶ್ಚಯಿಸಿದ ಮೇಲೆ ಸಲಹೆ ಕೇಳಲು ಬಂದಿದ್ದ. ಬಸದಿಯ ಅಂಗಳದಲ್ಲಿ ಅವನ ಮಕ್ಕಳೂ ಊರಿನ ಮಕ್ಕಳೂ ಕುಂಟೆಬಿಲ್ಲೆ ಆಡುತ್ತ ಗದ್ದಲ ಮಾಡುತ್ತಿದ್ದರು. ಆದ್ದರಿಂದ ಅವನು ಒಳಗೆ ಬಂದೊಡನೆ ಗುರುಗಳ ಕೋಣೆಯ ಬಾಗಿಲು ಮುಚ್ಚಿ, ಆಮೇಲೆ ನಮಸ್ಕಾರ ಮಾಡಿ ಕುಳಿತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನಿಗೆ ಮೂವರು ಚಿಕ್ಕ ಮಕ್ಕಳು. ಇಬ್ಬರು ಗಂಡು, ಕಡೆಯವಳು ಹೆಣ್ಣು, ಹೆಸರು ಪದ್ಮಲ. ಶಾಲೆಯಲ್ಲಿ ಎಲ್ಲ ಬಗೆಯ ಮಕ್ಕಳು ಸೇರುತ್ತಾರೆ, ಎಲ್ಲ ಬಗೆಯ ಮಾತು ಕಲಿಯುತ್ತಾರೆ ಎಂದು ಅವನು ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಮನೆಯಲ್ಲೇ ಚಾಪೆ ಹಾಸಿ ತಾನೇ ಕಲಿಸಿದ. ಚೆನ್ನಾಗಿಯೇ ಕಲಿಸಿದ. ಅದರಲ್ಲಿ ತಕರಾರಿಲ್ಲ.

ಬೆಳಿಗ್ಗೆ ಎದ್ದರೆ ಮಂತ್ರ, ಆಮೇಲೆ ನೀರು ಸೋಸುವುದು. ಬಟ್ಟೆಯ ಒಂದೊಂದು ಮೂಲೆಯನ್ನು ಒಬ್ಬೊಬ್ಬ ಮಗು ಹಿಡಿಯಬೇಕು, ನಾಲ್ಕನೆಯದನ್ನು ತಾಯಿ. ಅಂಗಳದಲ್ಲಿ ಇರುವೆ ಸಾಲು ಹೊರಟಿದ್ದರೆ ಅದು ದಾಟುವ ತನಕ ಯಾರೂ ದಾಟುವಂತಿಲ್ಲ. ಹೊತ್ತು ಮುಳುಗುವ ಮುಂಚೆ ಊಟ. ನೆಲದೊಳಗೆ ಬೆಳೆಯುವ ಗಡ್ಡೆ ಅವರ ಅಡಿಗೆಮನೆಗೆ ಬರುತ್ತಿರಲಿಲ್ಲ. ಗೃಹಸ್ಥ ಅವುಗಳನ್ನು ಲೆಕ್ಕದ ಪಾಠಕ್ಕೂ ಬಿಟ್ಟುಕೊಳ್ಳಲಿಲ್ಲ. ಬೇರೆ ಮಕ್ಕಳು ಈರುಳ್ಳಿ, ಆಲೂಗಡ್ಡೆ ಮಾರಿ ಲಾಭನಷ್ಟ ಕಲಿತರೆ, ಅವನ ಮಕ್ಕಳು ಕೂಡಿದ್ದೂ ಕಳೆದದ್ದೂ ಬರೀ ಬಾಳೆಹಣ್ಣು.

ಪಾಠ ಶುರುವಾಗುವ ಮೊದಲು ಅವನು ಮಾಡುತ್ತಿದ್ದ ಕೆಲಸ ಒಂದೇ. ಅಂಗಳದ ಹೊರಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕುವುದು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಒಂದೆರಡು ಸಲ ಬಾಗಿಲು ತಟ್ಟಿ, ಆಮೇಲೆ ಬೇರೆ ಮನೆಯಿಂದ ಹೆಪ್ಪು ತರುವುದನ್ನು ರೂಢಿ ಮಾಡಿಕೊಂಡಳು. ಬೀದಿಯ ಮಕ್ಕಳು ಬಾಗಿಲ ಸಂದಿಯಲ್ಲಿ ಇಣುಕಿ, ನೋಡುವಂಥದು ಏನೂ ಇಲ್ಲವೆಂದು ಹೊರಟುಹೋದರು. ಗೃಹಸ್ಥನಿಗೆ ನೆಮ್ಮದಿಯಾಯಿತು.

ಊಟಕ್ಕೆ ಮುಂಚೆ ಬಾಗಿಲಲ್ಲಿ ನಿಂತು ಅತಿಥಿಯ ದಾರಿ ನೋಡಬೇಕು ಎಂಬುದು ನಮ್ಮ ಹಿರಿಯರ ಕಟ್ಟಳೆ. ಮುನಿಗಳು ಬಂದರೆ ಮುನಿಗಳು, ಇಲ್ಲದಿದ್ದರೆ ಬೇರೆ ಯಾರಾದರೂ. ಅವರಿಗೆ ಬಡಿಸಿ ಆಮೇಲೆ ತಾನು ಉಣ್ಣಬೇಕು. ಗೃಹಸ್ಥ ಇದನ್ನೂ ತಪ್ಪಿಸಲಿಲ್ಲ. ದಿನವೂ ಹೆಂಡತಿ ಮಕ್ಕಳೊಡನೆ ಒಳಹೊಸ್ತಿಲಲ್ಲಿ ಕೈಜೋಡಿಸಿ ನಿಲ್ಲುತ್ತಿದ್ದ. ಎದುರಿಗೆ ಅಂಗಳ, ಅಂಗಳದಾಚೆ ಚಿಲಕ ಹಾಕಿದ ಹೊರಬಾಗಿಲು. ಸ್ವಲ್ಪ ಹೊತ್ತು ನೋಡಿ, "ಇವತ್ತು ಯಾರಿಗೂ ಯೋಗ ಇಲ್ಲ" ಎಂದು ಹೇಳಿ ಒಳಗೆ ಹೋಗಿ ಊಟಕ್ಕೆ ಕೂರುತ್ತಿದ್ದ.

ಒಂದು ದಿನ ಪದ್ಮಲ ಕೇಳಿದಳು: "ಅಪ್ಪ, ಅತಿಥಿ ಗೋಡೆ ಹತ್ತಿ ಬರ್ತಾರಾ?"

"ಅದು ಮುಂದಿನ ಪಾಠದಲ್ಲಿ ಬರುತ್ತದೆ" ಎಂದ ಗೃಹಸ್ಥ. ಉತ್ತರ ತೋಚದ ಪ್ರಶ್ನೆಗಳನ್ನೆಲ್ಲ ಅವನು ಮುಂದಿನ ಪಾಠಕ್ಕೆ ಕಳಿಸುತ್ತಿದ್ದ. ಆ ಪಾಠ ಬಹಳ ದೊಡ್ಡದಾಗಿರಬೇಕೆಂದು ಮಕ್ಕಳು ನಂಬಿದ್ದರು.

ಅವನ ಹೆಂಡತಿಯ ತಮ್ಮ ಆಗಾಗ ಬರುವವನು. ಬಂದವನು ಬೀದಿಯಲ್ಲಿ ನಿಂತು ಕೂಗಬೇಕು. ಒಮ್ಮೆ ಬಹಳ ಹೊತ್ತು ಕೂಗಿ ಒಳಗೆ ಬಂದವನೇ ಹೇಳಿದ: "ಭಾವ, ಮಕ್ಕಳು ಬೇಕಾದಷ್ಟು ಕಲಿತಿದಾರೆ, ಇಲ್ಲ ಅನ್ನಲ್ಲ. ಆದ್ರೆ ಸೋದರಮಾವನ್ನ ಕಂಡ್ರೆ ಪೊಲೀಸರನ್ನ ಕಂಡ ಹಾಗೆ ಕಂಬದ ಹಿಂದೆ ಹೋಗ್ತವೆ. ಸುಮ್ಮನೆ ಶಾಲೆಗೆ ಸೇರಿಸಿಬಿಡಿ."

ಗೃಹಸ್ಥನಿಗೆ ಸಿಟ್ಟು ಬಂತು. ಆ ಊರಿಗೆ ಒಬ್ಬ ಮುನಿಗಳು ಬರುವ ಸುದ್ದಿಯಿತ್ತು. "ನೋಡು, ಮುನಿಗಳು ನನ್ನ ಮನೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ನನ್ನ ಮಕ್ಕಳನ್ನು ಕಣ್ಣಾರೆ ನೋಡುತ್ತಾರೆ. ಅವರು ನನ್ನ ಬಾಗಿಲಲ್ಲಿ ನಿಲ್ಲದೆ ಹೋದರೆ ಮಾರನೆಯ ದಿನವೇ ಮೂವರನ್ನೂ ಶಾಲೆಗೆ ಕಳಿಸುತ್ತೇನೆ" ಎಂದ.

"ಆಣೆ ಗೀಣೆ ಯಾಕೆ?" ಎಂದಳು ಹೆಂಡತಿ.

"ಆಣೆಯಲ್ಲ, ಮಾತು" ಎಂದ ಗೃಹಸ್ಥ. ಮಾತು ತಪ್ಪುವುದು ಅವನಿಗೆ ಆಣೆ ತಪ್ಪುವುದಕ್ಕಿಂತ ಕಷ್ಟ. ಅದು ಹೆಂಡತಿಗೆ ಗೊತ್ತಿತ್ತು. ಅವನ ಮೈದುನನಿಗೂ ಗೊತ್ತಿತ್ತು. ಅವನು ಎಲೆ ಅಡಿಕೆ ಹಾಕಿಕೊಂಡು ಸಂತೋಷದಿಂದ ಊರಿಗೆ ಹೋದ.

ಮುನಿಗಳು ಬಂದರು. ಬಸದಿಯಲ್ಲಿ ಇಳಿದರು. ಮಾರನೆಯ ದಿನ ಆಹಾರಕ್ಕೆ ಹೊರಡುವುದು ಈ ಬೀದಿಯಲ್ಲೇ ಎಂದು ತಿಳಿಯಿತು. ಮುನಿಗಳು ಯಾರನ್ನೂ ಕೇಳುವುದಿಲ್ಲ, ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಮೌನವಾಗಿ ನಡೆದು ಹೋಗುತ್ತಾರೆ. ಮನೆಯವರು ಮಡಿಯಲ್ಲಿ ಬಾಗಿಲಲ್ಲಿ ನಿಂತು ಕ್ರಮವಾಗಿ ಕರೆಯಬೇಕು, ಅವರು ನಿಂತರೆ ಪುಣ್ಯ.

ಗೃಹಸ್ಥ ಸಿದ್ಧತೆಯಲ್ಲಿ ಯಾವುದನ್ನೂ ಬಿಡಲಿಲ್ಲ. ಬೆಳಿಗ್ಗೆ ಎಲ್ಲರಿಗೂ ಸ್ನಾನ, ಒಗೆದ ಬಟ್ಟೆ. ಹೆಂಡತಿಯ ಕೈಗೆ ಕಲಶ. ಅಡಿಗೆಯಾಗುವ ತನಕ ಹೊತ್ತು ಹಾಳಾಗದಿರಲೆಂದು ಅತಿಥಿಸತ್ಕಾರದ ಬಗ್ಗೆ ಒಂದು ವಿಶೇಷ ಪಾಠ. ಪಾಠವೆಂದ ಮೇಲೆ ಹೊರಬಾಗಿಲಿಗೆ ಚಿಲಕ. ಅದನ್ನು ಅವನ ಕೈ ತಾನಾಗಿಯೇ ಹಾಕಿತ್ತು, ಸ್ನಾನಕ್ಕೂ ಮುಂಚೆ.

ಹೊತ್ತಾಯಿತು. ಐವರೂ ದಿನದಂತೆ ಒಳಹೊಸ್ತಿಲಲ್ಲಿ ಸಾಲಾಗಿ ನಿಂತರು. ಬೀದಿಯಲ್ಲಿ ಜನರ ಸದ್ದು ಹತ್ತಿರ ಬಂತು. ಗೃಹಸ್ಥ ಕೈಜೋಡಿಸಿ, ಗಟ್ಟಿಯಾಗಿ, ಒಂದು ಅಕ್ಷರವೂ ತಪ್ಪದಂತೆ ಕರೆದ: "ನಮೋಸ್ತು, ನಮೋಸ್ತು, ನಮೋಸ್ತು. ನಿಲ್ಲಿ, ನಿಲ್ಲಿ."

ಮುಚ್ಚಿದ ಬಾಗಿಲ ಹಿಂದಿನಿಂದ ಇಷ್ಟು ಭಕ್ತಿಯ ಕೂಗು ಬಂದದ್ದನ್ನು ಕೇಳಿ ಬೀದಿಯಲ್ಲಿ ಯಾರೋ ನಕ್ಕರು.

ಆಗ ಅವನು ಚಿಲಕವನ್ನು ನೋಡಿದ.

ಚಿಲಕ ಹೊರಗಿನವರು ಮುಟ್ಟುವ ಬಾಗಿಲಿನದು. ಅದನ್ನು ಮುಟ್ಟಿದರೆ ಮಡಿ ಹೋಗುತ್ತದೆ, ಮತ್ತೆ ಸ್ನಾನ ಮಾಡಬೇಕು ಎಂದು ಮಕ್ಕಳಿಗೆ ಕಲಿಸಿದವನು ಅವನೇ. ಮಡಿ ಹೋದವನು ಮುನಿಗಳಿಗೆ ಬಡಿಸುವಂತಿಲ್ಲ. ಮನೆಯಲ್ಲಿದ್ದ ಎಲ್ಲರೂ ಮಡಿಯಲ್ಲಿದ್ದರು. ಕೋಲಿನಿಂದ ತೆಗೆಯಬಹುದಿತ್ತು. ಕೋಲು ಬಾಗಿಲ ಹೊರಗೆ, ಬೀದಿಯ ಕಡೆ ಒರಗಿತ್ತು.

"ಏನ್ರೀ, ದಾಟಿ ಹೋಗ್ತಿದಾರೆ" ಎಂದಳು ಹೆಂಡತಿ.

ಗೃಹಸ್ಥ ಯೋಚಿಸತೊಡಗಿದ. ಅವನು ಸಾವಧಾನವಾಗಿ ಯೋಚಿಸುವ ಮನುಷ್ಯ. ಇಂಥ ಸಂದರ್ಭದಲ್ಲಿ ಗ್ರಂಥಗಳಲ್ಲಿ ಏನು ಹೇಳಿದೆ ಎಂದು ನೆನಪಿಸಿಕೊಂಡ. ಹೆಜ್ಜೆಯ ಸದ್ದು ಗೋಡೆಯ ಕೊನೆಯ ತನಕ ಹೋಯಿತು. ಮಾರನೆಯ ದಿನ ಮೂರು ಪಾಟಿಚೀಲ ಹೊತ್ತ ಮೂರು ಮಕ್ಕಳು ಅವನ ಕಣ್ಣಿಗೆ ಕಟ್ಟಿದರು.

ಅಷ್ಟರಲ್ಲಿ ಪದ್ಮಲ ಸಾಲಿನಿಂದ ಹೊರಟು ಅಂಗಳ ದಾಟಿದ್ದಳು. ಚಿಲಕ ಅವಳಿಗೆ ಎಟುಕಲಿಲ್ಲ. ತೊಳೆದ ಲಂಗವನ್ನು ಎತ್ತಿ ಕಟ್ಟಿ, ಬಾಗಿಲ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು, ಬಾಗಿಲಿಗೇ ಮೈಯೊರಗಿಸಿ ಚಿಲಕ ಎಳೆದಳು. ಬಾಗಿಲು ತೆರೆಯಿತು. ಹೇಗೆ ಕರೆಯಬೇಕೆಂದು ಅಪ್ಪ ಅವಳಿಗೂ ಕಲಿಸಿದ್ದ. ಆದರೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ.

"ಸ್ವಾಮೀ, ನಮ್ಮನೇಲೂ ಅಡಿಗೆ ಆಗಿದೆ" ಎಂದು ಕೂಗಿದಳು. "ಬಾಗಿಲು ತೆಗೆದಿದೀನಿ."

ಮುನಿಗಳು ತಿರುಗಿದರು. ಬಂದು ಬಾಗಿಲ ಎದುರು ನಿಂತರು. ಗೃಹಸ್ಥ ಎಚ್ಚೆತ್ತು ಮತ್ತೆ ಕ್ರಮವಾಗಿ ಕರೆದ. ಪ್ರದಕ್ಷಿಣೆ ಹಾಕಿ, ಒಳಗೆ ಕರೆತಂದು, ಪಾದ ತೊಳೆದು, ಆಹಾರ ಕೊಟ್ಟ. ಮುನಿಗಳು ಊಟ ನಿಲ್ಲಿಸಿ ಏಳುವಂತೆ ಒಂದು ಕೂದಲು ಬೀಳಲಿಲ್ಲ, ಒಂದು ಇರುವೆ ಸುಳಿಯಲಿಲ್ಲ. ಎಲ್ಲವೂ ಅವನು ಆಸೆಪಟ್ಟಂತೆಯೇ ನಡೆಯಿತು. ಪದ್ಮಲ ಮಾತ್ರ ಬೀದಿಯಲ್ಲೇ ಉಳಿದಳು. ಮಡಿ ಹೋಗಿತ್ತಲ್ಲ. ಯಾರೂ ಹೇಳದೆಯೇ ಅವಳು ಹೊರಗೆ ನಿಂತಿದ್ದಳು. ಅಷ್ಟು ಚೆನ್ನಾಗಿ ಅವನು ಕಲಿಸಿದ್ದ. ಬೀದಿಯ ಮಕ್ಕಳು ಅವಳ ಸುತ್ತ ಸೇರಿ, ಎಲ್ಲರೂ ಒಟ್ಟಾಗಿ ಒಳಗೆ ನೋಡುತ್ತಿದ್ದರು.

ಆಹಾರ ಮುಗಿಸಿ, ಮೌನ ಮುಗಿಸಿ, ಮುನಿಗಳು ಕೇಳಿದರು: "ಆ ಮಗು ಯಾಕೆ ಹೊರಗಿದೆ?"

"ಚಿಲಕ ಮುಟ್ಟಿದಳು, ಸ್ವಾಮಿ. ಮಡಿ ಕೆಟ್ಟಿತು."

"ಅವಳು ತೆಗೆದ ಬಾಗಿಲಿನಿಂದಲೇ ನಾನೂ ಬಂದೆನಲ್ಲ" ಎಂದರು ಮುನಿಗಳು.

ಗೃಹಸ್ಥ ಬಾಯಿ ತೆರೆದ. ಅಪ್ಪನ ಕಷ್ಟ ನೋಡಲಾರದೆ ಪದ್ಮಲ ಬೀದಿಯಿಂದಲೇ ಸಹಾಯ ಮಾಡಿದಳು: "ಅದು ಮುಂದಿನ ಪಾಠದಲ್ಲಿ ಬರುತ್ತೆ, ಅಲ್ವಾ ಅಪ್ಪ?"

ಮಾತಿನಂತೆ ನೋಡಿದರೆ ಗೃಹಸ್ಥ ಗೆದ್ದಿದ್ದ. ಮುನಿಗಳು ಅವನ ಬಾಗಿಲಲ್ಲಿ ನಿಂತಿದ್ದರು. ಮಕ್ಕಳನ್ನು ಶಾಲೆಗೆ ಕಳಿಸಬೇಕಾಗಿರಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಪಾಠಕ್ಕೆ ಚಾಪೆ ಎತ್ತಿಕೊಂಡು, ಚಿಲಕ ಹಾಕಲು ಹೋಗಿ, ಅದನ್ನು ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಬಾಗಿಲನ್ನು ತೆರೆದೇ ಬಿಟ್ಟು, ಚಾಪೆಯನ್ನು ಅಲ್ಲೇ ಅಂಗಳದಲ್ಲಿ ಹಾಸಿದ.

ಕೆಲವು ದಿನಗಳ ಮೇಲೆ ಮೈದುನ ಬಂದ. ಕೂಗಲು ಬಾಯಿ ತೆರೆದವನು ಕೂಗುವ ಅಗತ್ಯವಿಲ್ಲದೆ ಮುಚ್ಚಿಕೊಂಡ. ಅಂಗಳದ ಚಾಪೆಯ ಮೇಲೆ ಅಕ್ಕನ ಮಕ್ಕಳ ಜೊತೆ ಬೀದಿಯ ಮಕ್ಕಳೂ ಕುಳಿತಿದ್ದರು. ಪಕ್ಕದ ಮನೆಯಾಕೆ ಹೆಪ್ಪಿನ ಬಟ್ಟಲು ಹಿಡಿದು ಪಾಠ ಕೇಳುತ್ತ ನಿಂತಿದ್ದಳು. ಯಾವುದೋ ಮಗು ಈರುಳ್ಳಿಯ ಲೆಕ್ಕ ಕೇಳಿತ್ತು. ಗೃಹಸ್ಥ ಮುಖ ಹಿಂಡಿಕೊಂಡು ಅದನ್ನು ಬಿಡಿಸುತ್ತಿದ್ದ.

ಮೈದುನ ಸ್ವಲ್ಪ ಹೊತ್ತು ನೋಡಿ ಹೇಳಿದ: "ಭಾವ, ಇದನ್ನ ನಮ್ಮ ಕಡೆ ಶಾಲೆ ಅಂತಾರೆ."

ಗುರುಗಳು ಕತೆ ಮುಗಿಸಿದರು. ಹೊರಗೆ ಅಂಗಳದಲ್ಲಿ ಯಾವುದೋ ಮಗು ಗೆದ್ದು ಕೇಕೆ ಹಾಕಿತು. ಬಾಗಿಲು ಮುಚ್ಚಿದ್ದರಿಂದ ಅದು ಪಾಯಣ್ಣನ ಮಗುವೋ ಬೇರೆಯವರದೋ ತಿಳಿಯುವಂತಿರಲಿಲ್ಲ.

ಪಾಯಣ್ಣ ಕಾದು ನೋಡಿ ಕೇಳಿದ: "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಾನು ಮಕ್ಕಳನ್ನು ಶಾಲೆಗೆ ಕಳಿಸಬೇಕೋ, ಮನೆಯಲ್ಲೇ ಕಲಿಸಬೇಕೋ, ಅದನ್ನು ನೀವು ಹೇಳಲೇ ಇಲ್ಲ."

ಗುರುಗಳು ಅವನ ಬೆನ್ನ ಹಿಂದೆ ನೋಡಿದರು.

"ನೀನು ಬಂದಾಗ ಆ ಬಾಗಿಲು ತೆರೆದಿತ್ತು, ಪಾಯಣ್ಣ."

ಪಾಯಣ್ಣ ತಿರುಗಿ ನೋಡಿ, ಎದ್ದು ಹೋಗಿ ಬಾಗಿಲು ತೆರೆದ.