ನೀಲಿಯವಳ ಗುಟ್ಟಿನ ಮಾತು

"ಗುರುಗಳೇ, ಬೀಗ ಮುರಿಯದೆ ಕಳವಾದರೆ ತಪ್ಪು ಯಾರದು?"

ಮಂದಾಕಿನಿ ಹೀಗೆ ಕೇಳಿದಾಗ ಗುರುಗಳು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆಯೆತ್ತದೆ, "ಅರ್ಧ ಪ್ರಶ್ನೆಗೆ ನಾನು ಉತ್ತರ ಹೇಳುವುದಿಲ್ಲ. ಪೂರ್ತಿ ಕೇಳು" ಎಂದರು.

ಮಂದಾಕಿನಿ ಓದುವ ದಿನಗಳಲ್ಲಿ ಅವರ ಬಳಿ ತರ್ಕ ಕಲಿತವಳು. ಈಗ ಮೊಬೈಲಿನಲ್ಲಿ ಹಣ ಕಳಿಸುವ, ಪಡೆಯುವ ವ್ಯವಸ್ಥೆ ನಡೆಸುವ ಒಂದು ಕಂಪನಿಯಲ್ಲಿ ಭದ್ರತೆಯ ವಿಭಾಗ ಅವಳ ಕೈಯಲ್ಲಿತ್ತು. ಅವಳು ಎದುರಿಗೆ ಕೂತು ಹೇಳತೊಡಗಿದಳು.

"ನಮ್ಮಲ್ಲಿ ಹಣದ ವಿಷಯವೆಲ್ಲ ಗೂಢಲಿಪಿಯಲ್ಲಿ ಓಡಾಡುತ್ತದೆ. ದಾರಿಯಲ್ಲಿ ಯಾರಾದರೂ ಕದ್ದರೂ ತಲೆಬುಡ ತಿಳಿಯದ ಅಕ್ಷರಗಳು ಸಿಗುತ್ತವೆ, ಅಷ್ಟೇ. ಅದರ ಮೇಲೆ ಪ್ರತಿ ವ್ಯವಹಾರಕ್ಕೂ ಗ್ರಾಹಕರ ಮೊಬೈಲಿಗೆ ಒಟಿಪಿ ಹೋಗುತ್ತದೆ. ಒಂದೇ ಸಲ ನಡೆಯುವ ಗುಟ್ಟಿನ ಅಂಕಿ ಅದು. ಇದನ್ನು ಯಾರಿಗೂ ಹೇಳಬೇಡಿ ಎಂದು ಅದರ ಕೆಳಗೇ ಬರೆದು ಕಳಿಸುತ್ತೇವೆ. ಆದರೂ ಫಕೀರವ್ವ ಎಂಬ ಹೆಂಗಸು ಹೇಳಿಬಿಟ್ಟರು. ಕೌದಿ ಹೊಲಿದು ಮೊಬೈಲಿನಲ್ಲೇ ಮಾರುವವರು. ಕಂಪನಿಯಿಂದ ಮಾತಾಡುತ್ತೇನೆ ಎಂದು ಯಾರೋ ಫೋನಿನಲ್ಲಿ ಕೇಳಿದ, ಇವರು ಹೇಳಿದರು. ಗಿರಾಕಿಗಳು ಕೊಟ್ಟಿದ್ದ ಮುಂಗಡವೆಲ್ಲ ಹೋಯಿತು. ಈಗ ಬಟ್ಟೆ ತರಲು ಕೈಯಲ್ಲಿ ಏನೂ ಇಲ್ಲ, ಕೌದಿ ಕೊಡದಿದ್ದರೆ ಗಿರಾಕಿಗಳು ಬಿಡುವುದಿಲ್ಲ. ಕಂಪನಿ ತುಂಬಿಕೊಡಬೇಕೆಂದು ಕೇಳಿಕೊಂಡಿದ್ದಾರೆ. ನಾಳೆ ಸಭೆಯಲ್ಲಿ ನಾನು ಹೇಳಿದ್ದೇ ತೀರ್ಮಾನ."

"ಏನು ಹೇಳಬೇಕೆಂದಿದ್ದೀ?"

"ನಮ್ಮ ಬೀಗ ಮುರಿದಿಲ್ಲ, ಅವರೇ ತೆರೆದು ಕೊಟ್ಟರು ಎಂದು. ಮೊದಲಿನಿಂದಲೂ ಆಕೆ ಸ್ವಲ್ಪ ತಕರಾರಿನವರೇ, ಗುರುಗಳೇ. ಹಿಂದೊಮ್ಮೆ ನಮ್ಮವರೇ ಫೋನ್ ಮಾಡಿ ವಿವರ ಕೇಳಿದಾಗ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದರು. ಖಾತೆ ತಡೆಹಿಡಿದ ಮೇಲೆ ದಾರಿಗೆ ಬಂದರು. ಅವರನ್ನು ನೆನೆದರೆ ಸಂಕಟವಾಗುತ್ತದೆ. ಆದರೆ ನ್ಯಾಯ ನ್ಯಾಯವೇ ಅಲ್ಲವೇ?"

ಗುರುಗಳು ಬೀಜವನ್ನು ಒಂದು ಕಡೆ, ಹಣ್ಣನ್ನು ಇನ್ನೊಂದು ಕಡೆ ಹಾಕಿದರು. "ಚಿಕ್ಕವಳಿದ್ದಾಗಲೂ ನೀನು ಊಟದ ಡಬ್ಬಿಗೆ ಬೀಗ ಹಾಕಿಕೊಂಡು ಬರುತ್ತಿದ್ದವಳು. ಬೀಗದ ಕತೆಯನ್ನೇ ಹೇಳುತ್ತೇನೆ, ಕೇಳು" ಎಂದು ಶುರುಮಾಡಿದರು.

ಹೊಳೆಯ ದಂಡೆಯಲ್ಲಿ ಒಂದು ವ್ಯಾಪಾರದ ಊರು. ಅಲ್ಲಿ ಒಬ್ಬ ಉಗ್ರಾಣದವನಿದ್ದ. ಸರಕು ಇದ್ದವರು ಅವನ ಉಗ್ರಾಣದಲ್ಲಿ ಒಂದೊಂದು ಕೋಣೆ ಹಿಡಿದು ಇಟ್ಟಿರುತ್ತಿದ್ದರು. ಹೊಳೆ ದಾಟಿ ವ್ಯಾಪಾರಿಗಳು ಬಂದಾಗ ಬಿಡಿಸಿಕೊಂಡು ಮಾರುತ್ತಿದ್ದರು.

ಮೊದಮೊದಲು ಅವನು ಮುಖ ನೋಡಿ ಸರಕು ಕೊಡುತ್ತಿದ್ದ. ಒಂದು ದಿನ ಅಣ್ಣನ ಬೆಲ್ಲವನ್ನು ತಮ್ಮ ಬಂದು ಒಯ್ದ. ಇಬ್ಬರದೂ ಒಂದೇ ಅಚ್ಚಿನ ಮುಖ. ಅಣ್ಣ ಬಂದು ಎದೆ ಬಡಿದುಕೊಂಡ. ಉಗ್ರಾಣದವನಿಗೆ ಅನ್ನ ಸೇರಲಿಲ್ಲ. ಇನ್ನು ಮುಖವನ್ನು ನಂಬಬಾರದು ಎಂದು ನಿಶ್ಚಯಿಸಿ ಹೊಸ ಪದ್ಧತಿ ತಂದ.

ಸರಕು ಇಡುವವರು ಗೋಡೆಯ ಕಿಂಡಿಗೆ ಬಾಯಿಟ್ಟು ಒಂದು ಗುಟ್ಟಿನ ಮಾತು ಹೇಳಬೇಕು. ಮಾವಿನಮಿಡಿ ಎನ್ನಬಹುದು, ಅತ್ತೆಗೆ ಮನಸ್ಸಿನಲ್ಲೇ ಇಟ್ಟ ಅಡ್ಡಹೆಸರನ್ನು ಹೇಳಬಹುದು. ಅವರ ಇಷ್ಟ. ಒಳಗೆ ಕೂತು ಕೇಳುವವನು ಉಗ್ರಾಣದವನೊಬ್ಬನೇ. ಮುಂದೆ ಕಿಂಡಿಯಲ್ಲಿ ಅದೇ ಮಾತು ಬಂದರೆ ಕೋಣೆಯ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಊರ ಗೌಡ ಬಂದು ನಿಂತರೂ ತೆರೆಯುವುದಿಲ್ಲ. ಒಂದು ಸಲ ಬಾಗಿಲು ತೆರೆದ ಮೇಲೆ ಆ ಮಾತಿನ ಆಯುಸ್ಸು ಮುಗಿಯಿತು. ಮತ್ತೆ ಸರಕು ಇಡುವಾಗ ಬೇರೆ ಮಾತು.

ಈ ಮಾತುಗಳನ್ನು ಅವನು ಓಲೆಯ ಮೇಲೆ ಬರೆದಿಡುತ್ತಿದ್ದ. ಆದರೆ ತನಗೊಬ್ಬನಿಗೇ ತಿಳಿದ ಲೆಕ್ಕದಲ್ಲಿ ಅಕ್ಷರಗಳನ್ನು ಅದಲುಬದಲು ಮಾಡಿ ಬರೆಯುತ್ತಿದ್ದ. ಒಮ್ಮೆ ಕಳ್ಳರು ಆ ಓಲೆಗಳನ್ನೇ ಹೊತ್ತುಕೊಂಡು ಹೋದರು. ತಿರುಗಿಸಿ ಮುರುಗಿಸಿ ಓದಿ ತಲೆಕೆಟ್ಟು, ಕೊನೆಗೆ ಬೆಂಕಿ ಹಾಕಿ ಚಳಿ ಕಾಯಿಸಿಕೊಂಡರಂತೆ. ಉಗ್ರಾಣದವನ ಬಳಿ ಇನ್ನೊಂದು ಪ್ರತಿ ಇದ್ದೇ ಇತ್ತು. ಆಮೇಲೆ ಅವನ ಹೆಸರು ಹೊಳೆಯ ಆಚೆಗೂ ಹೋಯಿತು.

ಅಷ್ಟಕ್ಕೇ ಅವನು ನಿಲ್ಲಿಸಲಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಕಲ್ಲು ನೆಡಿಸಿ, 'ನಿಮ್ಮ ಮಾತನ್ನು ಯಾರಿಗೂ ಹೇಳಬೇಡಿ' ಎಂದು ಕೆತ್ತಿಸಿದ. ಓದಲು ಬಾರದವರಿಗೆ ತಾನೇ ನಿಂತು ಓದಿ ಹೇಳುತ್ತಿದ್ದ. ಅವನು ಒಳ್ಳೆಯವನು, ಮಗಳೇ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವನಿಗೆ ಇನ್ನೊಂದು ಅಭ್ಯಾಸವೂ ಇತ್ತು. ಪ್ರತಿ ಹಂಗಾಮಿಗೂ ತನ್ನ ಆಳುಗಳನ್ನು ಮನೆಮನೆಗೆ ಕಳಿಸುತ್ತಿದ್ದ. ತಲೆಗೆ ಕೆಂಪು ರುಮಾಲು ಸುತ್ತಿರುವುದೇ ಅವರ ಗುರುತು. ನಿಮ್ಮ ಕೋಣೆ ಯಾವುದು, ಏನಿಟ್ಟಿದ್ದೀರಿ, ಗಂಟಿನ ಮೇಲಿನ ಗುರುತೇನು, ನಿಮಗೇನಾದರೂ ಆದರೆ ಯಾರಿಗೆ ಕೊಡಬೇಕು ಎಂದೆಲ್ಲ ಅವರು ಬಾಗಿಲಲ್ಲಿ ನಿಂತು ಕೇಳಬೇಕು. ಗುಟ್ಟಿನ ಮಾತೊಂದನ್ನು ಬಿಟ್ಟು ಅವರು ಕೇಳದ ಪ್ರಶ್ನೆ ಇರಲಿಲ್ಲ. ಎಲ್ಲವೂ ಜನರ ಒಳ್ಳೆಯದಕ್ಕೇ. ಉತ್ತರ ಕೊಡದವರ ಕೋಣೆಗೆ ಮೇಲೊಂದು ಬೀಗ ಬೀಳುತ್ತಿತ್ತು.

ಆ ಊರಿನಲ್ಲಿ ನೀಲಿ ಮಾಡುವ ಒಬ್ಬಳು ಹೆಂಗಸಿದ್ದಳು. ನೀಲಿ ಗಿಡದ ಸೊಪ್ಪನ್ನು ತೊಟ್ಟಿಯಲ್ಲಿ ನೆನೆಹಾಕಿ, ಕಲಕಿ, ತಳದಲ್ಲಿ ಕೂತ ಬಣ್ಣವನ್ನು ಬಿಲ್ಲೆ ಮಾಡಿ ಒಣಗಿಸಿ ಮಾರುವುದು ಅವಳ ಕಸುಬು. ಮೊಣಕೈವರೆಗೆ ಅವಳ ಮೈಬಣ್ಣವೇ ನೀಲಿಯಾಗಿಬಿಟ್ಟಿತ್ತು. ತೊಟ್ಟಿ ಮಾತ್ರ ಬಾಡಿಗೆಯದು. ಅದನ್ನು ಕೊಂಡು ತನ್ನದು ಮಾಡಿಕೊಳ್ಳಬೇಕು ಎನ್ನುವುದೊಂದೇ ಅವಳ ಆಸೆ.

ಒಂದು ಹಂಗಾಮಿನಲ್ಲಿ ಕೆಂಪು ರುಮಾಲಿನವನು ಅವಳ ಬಾಗಿಲಿಗೆ ಬಂದ. ಹೊಸ ಮುಖ. ಅವನು ಪ್ರಶ್ನೆ ಶುರುಮಾಡುವ ಮೊದಲೇ ಅವಳು ತಡೆದಳು.

"ನೀನು ಉಗ್ರಾಣದ ಕಡೆಯವನೇ ಅಂತ ನಂಗೆ ಹ್ಯಾಗಪ್ಪಾ ಗೊತ್ತಾಗ್ಬೇಕು? ಕೆಂಪು ರುಮಾಲು ಸಂತೇಲೂ ಸಿಗುತ್ತೆ."

ಸುತ್ತ ಇದ್ದವರು ನಕ್ಕರು. ಆಳಿಗೆ ಮುಖಭಂಗವಾಯಿತು. ಅವನು ನಿಜವಾಗಿ ಉಗ್ರಾಣದ ಆಳೇ ಆಗಿದ್ದ. ಅಂದೇ ಅವಳ ಕೋಣೆಗೆ ಮೇಲಿನ ಬೀಗ ಬಿತ್ತು.

ಅವಳು ಓಡಿಹೋದಳು. ಒಡೆಯರಿಗೆ ಬಿಡುವಾಗಲಿ, ಅಲ್ಲಿವರೆಗೆ ಇಲ್ಲೇ ಕೂತಿರು ಎಂದು ಆಳುಗಳು ಅವಳನ್ನು ಉಗ್ರಾಣದ ಮುಂದೆ ಕೂರಿಸಿದರು. ಅಲ್ಲಿ ಗಿಡವಿಲ್ಲ, ಮರವಿಲ್ಲ. ಬೇಸಿಗೆಯ ಬಿಸಿಲು. ಹೋಗುವವರು ಬರುವವರು, ಇವಳು ಏನು ಕದ್ದಳೋ ಎಂಬ ಹಾಗೆ ನೋಡಿಕೊಂಡು ಹೋದರು. ಬಿಸಿಲು ಇಳಿದ ಮೇಲೆ ಒಳಗೆ ಕರೆ ಬಂತು. ಉಗ್ರಾಣದವನು ಗದರಲಿಲ್ಲ. ಬೇಸರದಿಂದಲೇ ಮಾತಾಡಿದ.

"ನಮ್ಮನ್ನೇ ಅನುಮಾನಿಸ್ತೀಯಲ್ಲ ತಾಯಿ, ಇನ್ಯಾರನ್ನ ನಂಬ್ತೀಯ?"

ಅವಳು ಕೈಮುಗಿದು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಕೋಣೆ ಬಿಡಿಸಿಕೊಂಡಳು. ಅಷ್ಟರಲ್ಲಿ ಬಣ್ಣದ ವ್ಯಾಪಾರಿ ಬೇರೆಯವರ ಬಿಲ್ಲೆ ಕೊಂಡು ಹೊಳೆ ದಾಟಿಯಾಗಿತ್ತು. ತೊಟ್ಟಿ ಕೊಳ್ಳುವ ಮಾತು ಮುಂದಿನ ವರ್ಷಕ್ಕೆ ಹೋಯಿತು.

ಆಮೇಲೆ ಅವಳು ಬದಲಾದಳು. ಬೀದಿಯ ತಿರುವಿನಲ್ಲಿ ಕೆಂಪು ರುಮಾಲು ಕಂಡರೆ ಸಾಕು, ಕೈ ತೊಳೆದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಂದು ಕೇಳಿದರೆ ಎರಡು ಹೇಳುತ್ತಿದ್ದಳು. ಇಡೀ ಬೀದಿಯಲ್ಲಿ ತಿಳಿವಳಿಕೆ ಇರುವವಳು ಇವಳೊಬ್ಬಳೇ ಎಂದು ಆಳುಗಳು ಹೊಗಳುತ್ತಿದ್ದರು. ಉಗ್ರಾಣದವನಿಗೂ ಸಂತೋಷವಾಯಿತು.

ಹೀಗಿರುವಾಗ ಆ ಊರಿಗೆ ಒಬ್ಬ ಕಳ್ಳ ಬಂದ. ಮೊದಲು ಉಗ್ರಾಣದ ಗೋಡೆ ನೋಡಿದ. ದಪ್ಪ ಗೋಡೆ. ಬಾಗಿಲು ನೋಡಿದ. ಓಲೆ ಸುಟ್ಟವರ ಕತೆಯನ್ನೂ ಕೇಳಿ ತಿಳಿದುಕೊಂಡ. ಇದು ಆಗಿಬರುವ ಕೆಲಸವಲ್ಲ ಎಂದು ಹೊರಟಿದ್ದವನು, ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ಉಣ್ಣುತ್ತ ಬೀದಿಯ ಕಡೆ ನೋಡುತ್ತಿದ್ದ. ಕೆಂಪು ರುಮಾಲಿನವರು ಒಂದೊಂದೇ ಮನೆಯ ಮುಂದೆ ನಿಲ್ಲುವುದನ್ನೂ ಜನ ಲಗುಬಗೆಯಿಂದ ಹೊರಗೆ ಬರುವುದನ್ನೂ ಕಂಡ. ಬುತ್ತಿ ಕಟ್ಟಿಕೊಂಡು ನೇರ ಸಂತೆಗೆ ಹೋಗಿ ಒಂದು ಕೆಂಪು ರುಮಾಲು ಕೊಂಡ.

ಆ ಹಂಗಾಮಿನಲ್ಲಿ ನೀಲಿ ಚೆನ್ನಾಗಿ ಬಂದಿತ್ತು. ಬಿಲ್ಲೆಗಳೆಲ್ಲ ಉಗ್ರಾಣ ಸೇರಿದ್ದವು. ವ್ಯಾಪಾರಿ ಬರುವುದೊಂದೇ ಬಾಕಿ. ಈ ಸಲ ಕೊಳ್ಳದಿದ್ದರೆ ತೊಟ್ಟಿಯನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಅದರ ಒಡೆಯ ಖಂಡಿತವಾಗಿ ಹೇಳಿದ್ದ. ಅಂಥ ಹೊತ್ತಿನಲ್ಲಿ ಕಳ್ಳ ಅವಳ ಬಾಗಿಲಿಗೆ ಬಂದು ನಿಂತ.

"ಅಕ್ಕಾ, ನಿಮ್ಮ ಕೋಣೆ ಗೋಡೆಗೆ ನೀರು ಇಳೀತಿದೆ. ಬಿಲ್ಲೆ ಹಾಳಾಗೋಕ್ ಮುಂಚೆ ಬೇರೆ ಕಡೆ ಸಾಗಿಸ್ಬೇಕು. ನಿಮ್ಮ ಮಾತು ಹೇಳ್ಬಿಡಿ. ಇಲ್ಲಾಂದ್ರೆ ಮೇಲಿನ ಬೀಗ ಹಾಕ್ತಾರೆ, ಆಮೇಲೆ ನೀವುಂಟು ಒಡೆಯರುಂಟು."

ಅವಳು ಏನೋ ಕೇಳಬೇಕೆಂದು ಬಾಯಿ ತೆರೆದಳು. ಹೊತ್ತು ನೆತ್ತಿಗೇರುತ್ತಿತ್ತು. ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು.

ಕಳ್ಳ ಉಗ್ರಾಣಕ್ಕೆ ಹೋಗುವ ಮೊದಲು ರುಮಾಲು ಬಿಚ್ಚಿ ಚೀಲಕ್ಕೆ ಹಾಕಿದ. ಕಿಂಡಿಯಲ್ಲಿ ಮಾತು ಹೇಳಿದ. ಬಾಗಿಲು ತೆರೆಯಿತು. ಬಿಲ್ಲೆಗಳು ಗಾಡಿ ಏರಿ ಹೊಳೆ ದಾಟಿದವು. ಉಗ್ರಾಣದವನು ಎಳ್ಳಷ್ಟೂ ತಪ್ಪು ಮಾಡಲಿಲ್ಲ.

ಸುದ್ದಿ ತಿಳಿದು ಊರಿನ ಹಿರಿಯರು ಸೇರಿದರು. ಉಗ್ರಾಣದವನು ಅವರನ್ನು ಕರೆದುಕೊಂಡು ಹೋಗಿ ಗೋಡೆ ತೋರಿಸಿದ, ಬಾಗಿಲು ತೋರಿಸಿದ, ಓಲೆಯ ಪೆಟ್ಟಿಗೆ ತೋರಿಸಿದ. ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಕೊನೆಗೆ ಕಲ್ಲಿನ ಮುಂದೆ ನಿಲ್ಲಿಸಿ ಓದಿಸಿದ. ಹಿರಿಯರು ತಲೆಯಾಡಿಸಿ ನೀಲಿಯವಳ ಕಡೆ ತಿರುಗಿದರು.

"ಇಷ್ಟೆಲ್ಲ ಇದ್ದೂ ಯಾಕಮ್ಮ ಹೇಳ್ದೆ?"

"ಕೆಂಪು ರುಮಾಲು ಸುತ್ಕೊಂಡಿದ್ದ. ಕೇಳ್ದ. ಹೇಳ್ದೆ."

ಅನುಮಾನ ಬರಲಿಲ್ಲವೇ ಎಂದು ಒಬ್ಬ ಹಿರಿಯ ಕೇಳಿದ. ಅವಳು ಉಗ್ರಾಣದವನ ಮುಖ ನೋಡಿದಳು. ಅವನು ಕಲ್ಲನ್ನು ನೋಡುತ್ತಿದ್ದ.

ನಷ್ಟ ಅವಳದೇ ಎಂದು ತೀರ್ಮಾನವಾಯಿತು. ತೊಟ್ಟಿ ಬೇರೆಯವರ ಪಾಲಾಯಿತು. ಅದೇ ತೊಟ್ಟಿಗೆ ಅವಳು ಕೂಲಿಗೆ ಹೋಗಿ ನೀಲಿ ಕಲಕಿದಳು. ಈ ಭಾಗ ಹೇಳಲು ನನಗೆ ಇಷ್ಟವಿಲ್ಲ, ಆದರೆ ಇದನ್ನು ಬಿಟ್ಟು ಕತೆ ಹೇಳಿದರೆ ಅದು ಬರೀ ಹರಟೆ.

ಉಗ್ರಾಣದವನಿಗೂ ಮರುಕವಾಯಿತು. ಇನ್ನು ಯಾರಿಗೂ ಹೀಗಾಗಬಾರದೆಂದು ಕಲ್ಲುಕುಟಿಗನನ್ನು ಕರೆಸಿ ಕಲ್ಲಿನ ಮೇಲಿನ ಅಕ್ಷರಗಳನ್ನು ಇನ್ನಷ್ಟು ಆಳವಾಗಿ ಕೊರೆಸಿದ. ಮುಂದಿನ ಹಂಗಾಮು ಬಂತು. ಕೆಂಪು ರುಮಾಲಿನವರು ಎಂದಿನಂತೆ ಮನೆಮನೆಗೆ ಹೊರಟರು.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡರು. ಮಂದಾಕಿನಿ ತರ್ಕ ಕಲಿತವಳು, ಸುಲಭವಾಗಿ ಬಿಟ್ಟುಕೊಡುವವಳಲ್ಲ.

"ಹಿರಿಯರು ಹೇಳಿದ್ದು ಕಠಿಣ, ಆದರೆ ತಪ್ಪೆಂದು ನನಗೆ ಅನಿಸುವುದಿಲ್ಲ. ಯಾರಿಗೂ ಹೇಳಬಾರದು ಎಂದು ಉಗ್ರಾಣದವನು ಕಲ್ಲಿನಲ್ಲೇ ಕೆತ್ತಿಸಿ ಕಲಿಸಿದ್ದನಲ್ಲ, ಗುರುಗಳೇ?"

ಗುರುಗಳು ಅಂದು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದರು.

"ಕಲ್ಲು ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು, ಮಗಳೇ, ಪಾಠ ಕಲಿತದ್ದು ನೀವು ಕೂರಿಸಿದ ಬಿಸಿಲಿನಲ್ಲಿ."